ಆಂಪ್ಲಿಫೈಯರ್‌ನ ಡಿಸ್ಟಾರ್ಷನ್ ಹಾಡು ಕೇಳುವ ಸುಖವನ್ನು ಕೆಡಿಸುತ್ತದೆಯೇ?

ಪ್ರಶ್ನೆ: ನನ್ನ ಹತ್ತಿರ ಸುಮಾರು ಮೂವತ್ತು ವರ್ಷ ಹಳೆಯ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇದೆ. 8 ಓಮ್‌ಗೆ ಒಂದೊಂದು ಚಾನೆಲ್‌ಗೆ 40 ವಾಟ್, ಟಿಎಚ್‌ಡಿ (ಒಟ್ಟು ಹಾರ್ಮೋನಿಕ್ ಡಿಸ್ಟಾರ್ಷನ್) 0.09% ಎಂದು ಪುಸ್ತಿಕೆಯಲ್ಲಿದೆ. ಸ್ಪೀಕರ್‌ಗಳು 5 ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಜೋಡಿ, ಸೆನ್ಸಿಟಿವಿಟಿ 87 ಡೆಸಿಬೆಲ್. 12×14 ಅಡಿಯ ಹಾಲ್. ಫೋನ್‌ನಿಂದ ಬ್ಲೂಟೂತ್ ರಿಸೀವರ್ ಮೂಲಕ ಹೆಚ್ಚಾಗಿ ಕಛೇರಿಗಳನ್ನು, ಹಳೆಯ ಚಿತ್ರಗೀತೆಗಳನ್ನು ಕೇಳುತ್ತೇನೆ. ಹಗಲು ಜೋರಾಗಿ ಇಟ್ಟರೆ ಅರ್ಧ ಗಂಟೆಯೊಳಗೆ ಪಿಟೀಲು ಕಿವಿಗೆ ಚುಚ್ಚುತ್ತದೆ. ರಾತ್ರಿ ಸಣ್ಣಗೆ ಇಟ್ಟರೆ ಎಡಗಡೆಯ ದನಿ ಒರಟಾಗಿರುತ್ತದೆ. ಒಬ್ಬ ಗೆಳೆಯ 0.0005% ಡಿಸ್ಟಾರ್ಷನ್ ಇರುವ ಹೊಸ ಕ್ಲಾಸ್-ಡಿ ಆಂಪ್ ತಗೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ವಾಲ್ವ್ (ಗಾಜಿನ ಟ್ಯೂಬ್) ಆಂಪ್‌ನ ಡಿಸ್ಟಾರ್ಷನ್ನೇ ಕಿವಿಗೆ ಇಂಪು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: 0.09%ಕ್ಕೂ 0.0005%ಕ್ಕೂ ಇರುವ ವ್ಯತ್ಯಾಸ ನಿಮ್ಮ ಹಾಲ್‌ನಲ್ಲಿ ಕೇಳುವುದಿಲ್ಲ. ಹಾಗೆಂದು ಡಿಸ್ಟಾರ್ಷನ್, ಅಂದರೆ ಮೂಲ ದನಿಯಲ್ಲಿಲ್ಲದ್ದನ್ನು ಆಂಪ್ ಸೇರಿಸುವುದು, ಲೆಕ್ಕಕ್ಕಿಲ್ಲ ಎಂದಲ್ಲ. ನೀವು ಹೇಳಿದ ಎರಡು ತೊಂದರೆಗಳಲ್ಲಿ ರಾತ್ರಿಯದು ಬಹುಮಟ್ಟಿಗೆ ಆಂಪ್‌ನದೇ, ಹಗಲಿನದು ಬೇರೆ ಕಡೆಯಿಂದ ಬರುತ್ತಿರುವ ಸಾಧ್ಯತೆ ಹೆಚ್ಚು. ಡಿಸ್ಟಾರ್ಷನ್ ಎಷ್ಟು ಶೇಕಡಾ ಎನ್ನುವುದಕ್ಕಿಂತ ಅದು ಯಾವ ಬಗೆಯದು, ಯಾವ ವಾಲ್ಯೂಮ್‌ನಲ್ಲಿ ತಲೆ ಎತ್ತುತ್ತದೆ ಎನ್ನುವುದು ಮುಖ್ಯ. ಪುಸ್ತಿಕೆಯ ಒಂದು ಅಂಕಿ ಇವೆರಡನ್ನೂ ಹೇಳುವುದಿಲ್ಲ.

ಮೊದಲು ಅಂಕಿಯನ್ನು ಡೆಸಿಬೆಲ್‌ಗೆ ಇಳಿಸಿ ನೋಡೋಣ. 1% ಎಂದರೆ ಮೂಲ ದನಿಗಿಂತ 40 ಡೆಸಿಬೆಲ್ ಕೆಳಗೆ, 0.1% ಎಂದರೆ 60 ಡೆಸಿಬೆಲ್ ಕೆಳಗೆ. ನಿಮ್ಮ 0.09% ಸುಮಾರು 61 ಡೆಸಿಬೆಲ್ ಕೆಳಗಿದೆ, ಗೆಳೆಯರ 0.0005% ಬರೋಬ್ಬರಿ 106 ಡೆಸಿಬೆಲ್ ಕೆಳಗೆ. ನೀವು 80 ಡೆಸಿಬೆಲ್‌ನಲ್ಲಿ ಹಾಡು ಕೇಳುತ್ತಿದ್ದರೆ ಮೊದಲನೆಯದರ ಡಿಸ್ಟಾರ್ಷನ್ 19 ಡೆಸಿಬೆಲ್‌ನಷ್ಟು. ತಿರುಗುವ ಫ್ಯಾನು, ಕಿಟಕಿಯಾಚೆಯ ರಸ್ತೆ ಇರುವ ಮನೆಯ ಸದ್ದಿನ ಮಟ್ಟ ಇದಕ್ಕಿಂತ ಎಷ್ಟೋ ಮೇಲಿರುತ್ತದೆ. ಜತೆಗೆ ಹಾಡೇ ಅದನ್ನು ಮುಚ್ಚಿಬಿಡುತ್ತದೆ. ಎರಡನೆಯದು ಶ್ರವಣದ ಮಿತಿಗಿಂತಲೇ ಕೆಳಗೆ. ಕೇಳದ ಒಂದಕ್ಕಿಂತ ಕೇಳದ ಇನ್ನೊಂದು ಚೆನ್ನಾಗಿ ಕೇಳಲಾರದು.

ಇನ್ನೊಂದು ವಿಷಯವೂ ಇದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್‌ಗಳ ಪವರ್ ಜಾಹೀರಾತಿಗೆ ನಿಯಮ ತಂದ ಮೇಲೆ ಒಳ್ಳೆಯ ಕಂಪನಿಗಳು ಪೂರ್ಣ ಪವರ್‌ನಲ್ಲಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಎಲ್ಲಿ ಅತಿ ಹೆಚ್ಚು ಡಿಸ್ಟಾರ್ಷನ್ ಬಂತೋ ಆ ಅಂಕಿಯನ್ನೇ ಮುದ್ರಿಸುವ ರೂಢಿಗೆ ಬಂದವು. ಸಾಮಾನ್ಯವಾಗಿ ಅದು 20 ಕಿಲೋಹರ್ಟ್ಸ್ ತುದಿಯ ಅಂಕಿ. ಆ ಸ್ವರದ ಹಾರ್ಮೋನಿಕ್‌ಗಳು (ಅದರ ಎರಡು, ಮೂರು ಪಟ್ಟು ಕಂಪನದ ಸದ್ದುಗಳು) 40, 60 ಕಿಲೋಹರ್ಟ್ಸ್‌ನಲ್ಲಿ ಬೀಳುತ್ತವೆ, ಯಾರ ಕಿವಿಗೂ ಸಿಗುವುದಿಲ್ಲ. ಸುಸ್ಥಿತಿಯಲ್ಲಿರುವ ನಿಮ್ಮ ಆಂಪ್ 1 ಕಿಲೋಹರ್ಟ್ಸ್‌ನಲ್ಲಿ, ಒಂದೆರಡು ವಾಟ್‌ನಲ್ಲಿ ಇದಕ್ಕಿಂತ ಬಹಳ ಶುದ್ಧವಾಗಿ ಕೆಲಸ ಮಾಡಬೇಕು. ಅಷ್ಟಕ್ಕೂ 15 ವಾಟ್‌ಗೆ 0.1%ಕ್ಕಿಂತ ಕಡಿಮೆ ಎಂಬ ಗುರಿಯನ್ನು ವಿಲಿಯಮ್ಸನ್ ಎಂಬ ಎಂಜಿನಿಯರ್ 1947ರಲ್ಲೇ ವಾಲ್ವ್‌ಗಳಲ್ಲಿ ಮುಟ್ಟಿ ತೋರಿಸಿದ್ದರು.

ಹೋಲಿಕೆಗೆ ಒಂದು ಮಾತು: ಅನಲಾಗ್ ಟೇಪ್‌ನ ಗರಿಷ್ಠ ಮಟ್ಟವನ್ನು ಮೂರನೇ ಹಾರ್ಮೋನಿಕ್ 3% ಮುಟ್ಟುವ ಜಾಗಕ್ಕೆ ಗುರುತಿಸುವುದು ಸ್ಟುಡಿಯೋ ರೂಢಿ. ನೀವು ಇಷ್ಟಪಟ್ಟು ಕೇಳುವ ಹಳೆಯ ಚಿತ್ರಗೀತೆಗಳು ಅಂಥ ಟೇಪ್‌ಗಳ ಮೇಲೆ ಹುಟ್ಟಿದವು. ನಿಮ್ಮ 5 ಇಂಚಿನ ವೂಫರ್ ಕೂಡ 50 ಹರ್ಟ್ಸ್ ಸ್ವರವನ್ನು 90 ಡೆಸಿಬೆಲ್‌ಗೆ ಏರಿಸಬೇಕಾದರೆ ಹಲವು ಶೇಕಡಾ ಡಿಸ್ಟಾರ್ಷನ್ ಸೇರಿಸುತ್ತದೆ. ಆದರೂ ಹಾಡಿನ ಸುಖ ಕೆಟ್ಟಿಲ್ಲ. ಹಾಗಾದರೆ ಕೆಡಿಸುವ ಡಿಸ್ಟಾರ್ಷನ್ ಯಾವುದು?

ಇದನ್ನು ಕರ್ನಾಟಕ ಸಂಗೀತ ಕೇಳುವವರಿಗೆ ವಿವರಿಸುವುದು ಸುಲಭ. ಶ್ರುತಿ ಸೇರಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿದರೆ ಅದರೊಳಗಿಂದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ, ಸ್ವಯಂಭೂ ಗಾಂಧಾರ ಎನ್ನುತ್ತೇವಲ್ಲ, ಅದು ಐದನೇ ಹಾರ್ಮೋನಿಕ್. ಎರಡನೆಯದು ಮೇಲಿನ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ, ನಾಲ್ಕನೆಯದು ಮತ್ತೆ ಷಡ್ಜ. ಆಂಪ್ ಎರಡನೆಯ ಅಥವಾ ಮೂರನೆಯ ಹಾರ್ಮೋನಿಕ್ಕನ್ನು ಚೂರು ಸೇರಿಸಿದರೆ ಅದು ವಾದ್ಯದಲ್ಲಿ ಮೊದಲೇ ಇದ್ದ ಹಾರ್ಮೋನಿಕ್‌ನ ಮೇಲೇ ಹೋಗಿ ಕೂರುತ್ತದೆ. ಮೂಲ ಸ್ವರ ತನಗೆ ಹತ್ತಿರವಿರುವ, ತನಗಿಂತ ಮೇಲಿನ ಸಣ್ಣ ಸದ್ದುಗಳನ್ನು ಕಿವಿಯೊಳಗೇ ಮುಚ್ಚುತ್ತದೆ. ಆದ್ದರಿಂದ ಸಂಗೀತದಲ್ಲಿ ಎರಡನೇ ಹಾರ್ಮೋನಿಕ್ 1% ಇದ್ದರೂ ಗುರುತಿಸುವುದು ಕಷ್ಟ. ಆದರೆ ಏಳನೆಯದು, ಒಂಬತ್ತನೆಯದು, ಹನ್ನೊಂದನೆಯದು ಹಾಗಲ್ಲ. ಅವು ಮೂಲ ಸ್ವರದಿಂದ ತುಂಬ ದೂರ, ಮುಚ್ಚಿಹೋಗುವುದಿಲ್ಲ. ಏಳನೆಯದಂತೂ ನಮ್ಮ ಯಾವ ನಿಷಾದಕ್ಕೂ ಸರಿಯಾಗಿ ಕೂರುವುದಿಲ್ಲ. 1950ರಲ್ಲಿ ಬಿಬಿಸಿಯ ಶಾರ್ಟರ್ ಎಂಬ ಎಂಜಿನಿಯರ್ ಪ್ರತಿ ಹಾರ್ಮೋನಿಕ್ಕಿಗೂ ಅದರ ಕ್ರಮಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದಷ್ಟು ತೂಕ ಕೊಡಬೇಕೆಂದು ಸೂಚಿಸಿದ್ದು ಇದಕ್ಕೇ. ಆ ಲೆಕ್ಕದಲ್ಲಿ ಎರಡನೆಯದರ ತೂಕ 1, ಏಳನೆಯದರದು 12ಕ್ಕಿಂತ ಹೆಚ್ಚು. ಅಂದರೆ ಏಳನೆಯದು 0.1% ಇದ್ದರೆ ಎರಡನೆಯದು 1.2% ಇದ್ದಷ್ಟು ಕೆಡುಕು. ಟಿಎಚ್‌ಡಿ ಮೀಟರ್ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತದೆ, ಅದಕ್ಕೇ ಅದರ ಅಂಕಿ ಕಿವಿಯ ತೀರ್ಪಿಗೆ ಹೊಂದುವುದಿಲ್ಲ.

ಎರಡು ಸ್ವರ ಒಟ್ಟಿಗೆ ನುಡಿದಾಗ ಇನ್ನೊಂದು ಬಗೆಯ ಕೆಡುಕು ಬರುತ್ತದೆ, ಇಂಟರ್‌ಮಾಡ್ಯುಲೇಷನ್. ಷಡ್ಜ 200 ಹರ್ಟ್ಸ್, ಪಂಚಮ 300 ಹರ್ಟ್ಸ್ ಎಂದುಕೊಳ್ಳಿ. ಆಂಪ್ ಇವೆರಡನ್ನು ಬೆರೆಸಿ 100, 400, 500 ಹರ್ಟ್ಸ್‌ಗಳನ್ನು ಹುಟ್ಟಿಸುತ್ತದೆ. ಎಲ್ಲವೂ 100ರ ಗುಣಕಗಳೇ, ಶ್ರುತಿಯೊಳಗೇ ಬೀಳುತ್ತವೆ, ಕಿವಿ ದೂರುವುದಿಲ್ಲ. ಈಗ ಪಂಚಮದ ಬದಲು ಶುದ್ಧ ರಿಷಭ, 213 ಹರ್ಟ್ಸ್ ತಗೊಳ್ಳಿ. ಹುಟ್ಟುವುದು 13, 187, 226, 413 ಹರ್ಟ್ಸ್, ಯಾವುದೂ ರಾಗದ ಸ್ವರವಲ್ಲ. ತಂಬೂರಿಯ ಜತೆ ಒಂದೇ ಕೊಳಲು ಡಿಸ್ಟಾರ್ಷನ್ ಇರುವ ಆಂಪ್‌ನಲ್ಲೂ ಚೆನ್ನಾಗಿ ಕೇಳಿ, ಗಾಯನ, ಪಿಟೀಲು, ಘಟ, ಖಂಜಿರ ಎಲ್ಲ ಒಟ್ಟಿಗೆ ಸೇರಿದ ಹೊತ್ತಿಗೆ ಅಥವಾ ಕೋರಸ್ ಇರುವ ಚಿತ್ರಗೀತೆಯಲ್ಲಿ ಎಲ್ಲ ಕಲಸಿಹೋಗುವುದು ಹೀಗೆ. ಅಂಗಡಿಯಲ್ಲಿ ಒಂದೇ ವಾದ್ಯದ ರೆಕಾರ್ಡಿಂಗ್ ಕೇಳಿ ಆಂಪ್ ಆರಿಸಬಾರದು ಎನ್ನುವುದಕ್ಕೆ ಇದೇ ಕಾರಣ.

ಈಗ ನಿಮ್ಮ ರಾತ್ರಿಯ ತೊಂದರೆಗೆ ಬರುತ್ತೇನೆ. ಸಣ್ಣ ವಾಲ್ಯೂಮ್‌ನಲ್ಲಿ ಒರಟು, ಅದೂ ಒಂದೇ ಕಡೆ. ಇದು ತುಂಬ ಒಳ್ಳೆಯ ಸುಳಿವು. ಮಾಮೂಲಿ ಡಿಸ್ಟಾರ್ಷನ್ ಸದ್ದು ಇಳಿದಂತೆ ತಾನೂ ಇಳಿಯುತ್ತದೆ. ಸದ್ದು ಇಳಿದಾಗ ಶೇಕಡಾವಾರು ಏರುವ ಡಿಸ್ಟಾರ್ಷನ್‌ಗೆ ಹಳೆಯ ಆಂಪ್‌ನಲ್ಲಿ ಎರಡೇ ಮುಖ್ಯ ಕಾರಣ: ಕಿಲುಬು ಹಿಡಿದ ಕಾಂಟ್ಯಾಕ್ಟ್, ಇಲ್ಲವೇ ಬಯಾಸ್ ಇಳಿದುಹೋಗಿ ಬರುವ ಕ್ರಾಸ್‌ಓವರ್ ಡಿಸ್ಟಾರ್ಷನ್.

ಮೊದಲು ತಪ್ಪು ಆಂಪ್‌ನದೇ ಎಂದು ಖಚಿತ ಮಾಡಿಕೊಳ್ಳಿ. ಪವರ್ ಆಫ್ ಮಾಡಿ, ಹಿಂಬದಿಯಲ್ಲಿ ಎಡ-ಬಲ ಸ್ಪೀಕರ್ ವೈರ್‌ಗಳನ್ನು ಅದಲುಬದಲು ಮಾಡಿ. ಒರಟು ಬಲಗಡೆಯ ಸ್ಪೀಕರ್‌ಗೆ ಹೋದರೆ ಸ್ಪೀಕರ್ ಸರಿಯಿದೆ. ಆಮೇಲೆ ಇನ್‌ಪುಟ್‌ನ ಆರ್‌ಸಿಎ ಪಿನ್‌ಗಳನ್ನು ಅದಲುಬದಲು ಮಾಡಿ. ಆಗ ಒರಟು ಮತ್ತೆ ಜಾಗ ಬದಲಿಸಿದರೆ ಆಂಪ್‌ಗಿಂತ ಮುಂಚಿನ ರಿಸೀವರ್ ಅಥವಾ ಕೇಬಲ್‌ನ ದೋಷ, ಇದ್ದಲ್ಲೇ ಉಳಿದರೆ ಆಂಪ್‌ನದು.

ಆಂಪ್‌ನದೇ ಎಂದಾದರೆ ಸಣ್ಣ ಸದ್ದಿನಲ್ಲಿ ಹಾಡು ಹಾಕಿ, ವಾಲ್ಯೂಮನ್ನು ಕ್ಷಣಕಾಲ ಜೋರು ಮಾಡಿ ಮತ್ತೆ ಇಳಿಸಿ. ದನಿ ಸ್ವಲ್ಪ ಹೊತ್ತು ಶುದ್ಧವಾಗಿ, ಮತ್ತೆ ನಿಧಾನವಾಗಿ ಕೆಟ್ಟರೆ ಅದು ಕಾಂಟ್ಯಾಕ್ಟ್. ಆನ್ ಮಾಡಿ ಒಂದೆರಡು ಸೆಕೆಂಡ್ ಆದ ಮೇಲೆ ಟಿಕ್ ಎನ್ನುತ್ತದಲ್ಲ, ಆ ಸ್ಪೀಕರ್ ರಿಲೇಯ ಬೆಳ್ಳಿ ಲೇಪದ ತುದಿಗಳ ಮೇಲೆ ವರ್ಷಗಳಲ್ಲಿ ತೆಳುಪದರ ಕಟ್ಟುತ್ತದೆ. ಜೋರಿನ ವೋಲ್ಟೇಜ್ ಆ ಪದರವನ್ನು ಭೇದಿಸಿಕೊಂಡು ಹೋಗುತ್ತದೆ, ಸಣ್ಣ ವೋಲ್ಟೇಜ್‌ಗೆ ಆಗುವುದಿಲ್ಲ. ಸ್ಪೀಕರ್ ಎ/ಬಿ ಸ್ವಿಚ್, ಟೇಪ್ ಮಾನಿಟರ್ ಬಟನ್, ಇನ್‌ಪುಟ್ ಸೆಲೆಕ್ಟರ್ ಇವುಗಳಲ್ಲೂ ಇದೇ ಆಗುತ್ತದೆ. ಸ್ವಿಚ್‌ಗಳನ್ನು ಪವರ್ ಆಫ್ ಇರುವಾಗ ಇಪ್ಪತ್ತು-ಮೂವತ್ತು ಸಲ ಹಿಂದೆ ಮುಂದೆ ಆಡಿಸಿದರೇ ಬಹಳಷ್ಟು ಸಲ ಸರಿಯಾಗುತ್ತದೆ. ಆಗದಿದ್ದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಮಾಡಿದ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು ಹಾಕಿ ಮತ್ತೆ ಆಡಿಸಿ. ಬಾಗಿಲ ತಿರುಗಣೆಗೆ ಹಾಕುವ ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದರ ಎಣ್ಣೆ ಧೂಳನ್ನು ಹಿಡಿದಿಡುತ್ತದೆ. ರಿಲೇಯ ಮುಚ್ಚಳ ತೆಗೆಯಲು ಬಂದರೆ ವಿಸಿಟಿಂಗ್ ಕಾರ್ಡಿನ ಪಟ್ಟಿಗೆ ಕ್ಲೀನರ್ ಸವರಿ ತುದಿಗಳ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಮರಳುಕಾಗದದಿಂದ ಉಜ್ಜಿದರೆ ಬೆಳ್ಳಿಯೇ ಹೋಗಿ ತಿಂಗಳೊಳಗೆ ಮತ್ತೆ ಅದೇ ಪಾಡು. ನಿಜವಾದ ಪರಿಹಾರ ಹೊಸ ರಿಲೇ: ಹಳೆಯದರ ಮೇಲೆ ಬರೆದಿರುವ ಕಾಯಿಲ್ ವೋಲ್ಟೇಜನ್ನೇ ನೋಡಿ, ಅಷ್ಟೇ ಪೋಲ್, ಅದೇ ಪಿನ್ ಜೋಡಣೆ ಇರುವುದನ್ನು ತನ್ನಿ. ಹಲವು ಹೋಮ್ ಆಂಪ್‌ಗಳಲ್ಲಿ 24 ವೋಲ್ಟ್ ಡಿಸಿಯ ಎರಡು ಪೋಲ್ ರಿಲೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಹೋಲಿಸಿ ತರುವುದು ಒಳ್ಳೆಯದು.

ವಾಲ್ಯೂಮ್ ಏರಿಸಿ ಇಳಿಸಿದರೂ ಬದಲಾಗದೆ, ಆನ್ ಮಾಡಿದ ಹೊಸತರಲ್ಲಿ ಹೆಚ್ಚು, ಬೆಚ್ಚಗಾದ ಮೇಲೆ ಕಡಿಮೆ ಎನ್ನುವಂತಿದ್ದರೆ ಬಯಾಸ್ ನೋಡಬೇಕು. ನಿಮ್ಮದು ಕ್ಲಾಸ್-ಎಬಿ ಆಂಪ್. ಅಲೆಯ ಮೇಲಿನ ಅರ್ಧವನ್ನು ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಸೊನ್ನೆಯ ಹತ್ತಿರ ಒಂದರಿಂದ ಇನ್ನೊಂದಕ್ಕೆ ಕೈಬದಲಾಗುವಾಗ ಎರಡೂ ಸ್ವಲ್ಪ ಎಚ್ಚರವಿರಲಿ ಎಂದು ಸದಾ ಹರಿಸುವ ಸಣ್ಣ ಕರೆಂಟೇ ಬಯಾಸ್. ಅದು ಇಳಿದರೆ ಕೈಬದಲಾಗುವಲ್ಲಿ ಅಲೆ ಕೊಂಚ ತುಂಡಾಗುತ್ತದೆ. ಆ ತುಂಡಿನ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ದೊಡ್ಡ ಅಲೆಯಲ್ಲಿ ಅದು ನಗಣ್ಯ, ರಾತ್ರಿಯ ಸಣ್ಣ ಅಲೆಯಲ್ಲಿ ದೊಡ್ಡ ಪಾಲು. ಜತೆಗೆ ಅದು ಹುಟ್ಟಿಸುವುದು 5, 7, 9, 11ರಂಥ ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳನ್ನು, ಮೇಲೆ ಹೇಳಿದ ಕೆಟ್ಟ ಬಳಗವನ್ನು. ನನ್ನ ಮಟ್ಟಿಗೆ ಮನೆಯ ಆಂಪ್‌ನಲ್ಲಿ ಕೇಳುವ ಸುಖಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ, ಏಕೆಂದರೆ ನಾವು ಹೆಚ್ಚು ಹೊತ್ತು ಕೇಳುವುದು ಅರ್ಧ ವಾಟ್‌ಗಿಂತ ಕಡಿಮೆಯಲ್ಲೇ.

ಸರಿಪಡಿಸುವುದು ಹೀಗೆ. ಒಳಗೆ ಕೈಹಾಕಿ ಅಭ್ಯಾಸವಿಲ್ಲದಿದ್ದರೆ ಈ ಭಾಗವನ್ನು ಮೆಕ್ಯಾನಿಕ್‌ಗೆ ತೋರಿಸಿ, ಅವರಿಗೆ ಅರ್ಧ ಗಂಟೆಯ ಕೆಲಸ. 40 ವಾಟ್ ಆಂಪ್‌ನ ಒಳಗೆ ಪ್ಲಸ್-ಮೈನಸ್ 35 ವೋಲ್ಟ್‌ನಷ್ಟು ಡಿಸಿ, ಟ್ರಾನ್ಸ್‌ಫಾರ್ಮರ್ ಬದಿಗೆ 230 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 100 ಓಮ್, 5 ವಾಟ್ ರೆಸಿಸ್ಟರ್ ಹಿಡಿದು ಇಳಿಸಿ, ಮೀಟರ್‌ನಲ್ಲಿ 1 ವೋಲ್ಟ್‌ಗಿಂತ ಕಡಿಮೆ ಎಂದು ನೋಡಿದ ಮೇಲೆಯೇ ಮುಟ್ಟಬೇಕು. ಸ್ಪೀಕರ್ ಬಿಚ್ಚಿ, ಇನ್‌ಪುಟ್ ಬಿಚ್ಚಿ, ವಾಲ್ಯೂಮ್ ಸೊನ್ನೆಗೆ ಇಡಿ. ಹೀಟ್‌ಸಿಂಕ್ ಪಕ್ಕದಲ್ಲಿ ಬಿಳಿ ಸಿಮೆಂಟಿನ ಎಮಿಟರ್ ರೆಸಿಸ್ಟರ್‌ಗಳು ಇರುತ್ತವೆ, ಸಾಮಾನ್ಯವಾಗಿ 0.22 ಓಮ್. ಪವರ್ ಆಫ್ ಇರುವಾಗಲೇ ಅದರ ಎರಡು ತುದಿಗೆ ಮೀಟರ್‌ನ ಕ್ಲಿಪ್‌ಗಳನ್ನು ಸಿಕ್ಕಿಸಿ. ಕೈಯಲ್ಲಿ ಪ್ರೋಬ್ ಹಿಡಿದು ಮಾಡಬೇಡಿ, ಒಮ್ಮೆ ಜಾರಿ ಪಕ್ಕದ ಬಿಡಿಭಾಗದ ಕಾಲಿಗೆ ತಗುಲಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಯಿತೆಂದೇ ಲೆಕ್ಕ. ಮೀಟರ್ 200 ಮಿಲಿವೋಲ್ಟ್ ಡಿಸಿಯಲ್ಲಿ ಇಟ್ಟು ಆನ್ ಮಾಡಿ, ಇಪ್ಪತ್ತು ನಿಮಿಷ ಬೆಚ್ಚಗಾಗಲು ಬಿಡಿ. ಸರ್ವಿಸ್ ಮ್ಯಾನ್ಯುಅಲ್ ಹೇಳುವ ಅಂಕಿಯೇ ಪ್ರಮಾಣ. ಅದು ಸಿಗದಿದ್ದರೆ 10ರಿಂದ 20 ಮಿಲಿವೋಲ್ಟ್ ನಡುವೆ ನಿಲ್ಲಿಸುವುದು ಕ್ಷೇಮ. 0.22 ಓಮ್ ಮೇಲೆ 20 ಮಿಲಿವೋಲ್ಟ್ ಎಂದರೆ 91 ಮಿಲಿಆಂಪಿಯರ್, ಚಾನೆಲ್‌ಗೆ ಸುಮಾರು 6 ವಾಟ್ ಶಾಖ. ಹೀಟ್‌ಸಿಂಕ್ ಹಿತವಾಗಿ ಬೆಚ್ಚಗಿರಬೇಕು, ಕೈಯಿಡಲಾಗದಷ್ಟು ಸುಡಬಾರದು. ಎಡ ಚಾನೆಲ್‌ನಲ್ಲಿ 1-2 ಮಿಲಿವೋಲ್ಟ್, ಬಲದಲ್ಲಿ 15 ಕಂಡರೆ ನಿಮ್ಮ ಒರಟಿನ ಮೂಲ ಸಿಕ್ಕಿತು.

ಬಯಾಸ್ ಹೊಂದಿಸುವ ಸಣ್ಣ ತಿರುಗುಗುಂಡಿಯನ್ನು, ಅಂದರೆ ಪ್ರಿಸೆಟ್ಟನ್ನು, ಕೂದಲೆಳೆಯಷ್ಟೇ ತಿರುಗಿಸಿ, ಒಂದು ನಿಮಿಷ ಕಾದು ಮತ್ತೆ ನೋಡಿ. ಮೂವತ್ತು ವರ್ಷದ ಪ್ರಿಸೆಟ್‌ನ ಒಳಗಿನ ತುದಿ ಕ್ಷಣಕಾಲ ಬಿಟ್ಟುಹೋದರೂ ಕೆಲವು ಸರ್ಕ್ಯೂಟ್‌ಗಳಲ್ಲಿ ಕರೆಂಟ್ ಒಮ್ಮೆಲೇ ಏರಿ ಟ್ರಾನ್ಸಿಸ್ಟರ್ ಸುಡುತ್ತದೆ. ಆದ್ದರಿಂದ ಅದನ್ನು ಅದೇ ಬೆಲೆಯ ಹೊಸ ಮಲ್ಟಿಟರ್ನ್ ಪ್ರಿಸೆಟ್‌ಗೆ ಬದಲಿಸಿ, ಅತಿ ಕಡಿಮೆ ಬಯಾಸ್ ಕಡೆಗೆ ತಿರುಗಿಸಿಟ್ಟು ಶುರು ಮಾಡುವುದು ಜಾಣತನ. ಮೊದಲ ಸಲ ಆನ್ ಮಾಡುವಾಗ 60 ವಾಟ್‌ನ ಹಳೆಯ ಫಿಲಮೆಂಟ್ ಬಲ್ಬನ್ನು ಮೇನ್ಸ್‌ಗೆ ಸೀರೀಸ್‌ನಲ್ಲಿ ಹಾಕಿರಿ. ಕೊನೆಗೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ 50 ಮಿಲಿವೋಲ್ಟ್ ಒಳಗಿದೆಯೇ ಎಂದು ನೋಡಿಕೊಳ್ಳಿ. ನಿಮ್ಮ ಆಂಪ್‌ನಲ್ಲಿ ಬಿಡಿ ಟ್ರಾನ್ಸಿಸ್ಟರ್‌ಗಳ ಬದಲು ಎಸ್‌ಟಿಕೆ ಸರಣಿಯ ದಪ್ಪ ಹೈಬ್ರಿಡ್ ಐಸಿ ಇದ್ದರೆ ಸಾಮಾನ್ಯವಾಗಿ ಬಯಾಸ್ ಒಳಗೇ ನಿಗದಿಯಾಗಿರುತ್ತದೆ, ತಿರುಗಿಸಲು ಏನೂ ಸಿಗುವುದಿಲ್ಲ. ಆಗ ಕಾಂಟ್ಯಾಕ್ಟ್ ಮತ್ತು ಪವರ್ ಸಪ್ಲೈ ಕೆಪ್ಯಾಸಿಟರ್‌ಗಳ ಕಡೆಗೇ ಗಮನ ಕೊಡಿ.

ಹಗಲಿನ ಚುಚ್ಚುವಿಕೆ ಬೇರೆ. ಜೋರಿನಲ್ಲಿ ಮೊದಲ ಅನುಮಾನ ಕ್ಲಿಪ್ಪಿಂಗ್ ಮೇಲೆ: ಅಲೆಯ ತುದಿ ಸಪ್ಲೈ ವೋಲ್ಟೇಜ್‌ಗೆ ತಾಗಿ ಚಪ್ಪಟೆಯಾಗುವುದು. ಚಪ್ಪಟೆಯಾದ ಕೂಡಲೇ 0.09%ರ ಆಂಪೂ 0.0005%ರ ಆಂಪೂ ಒಂದೇ, ಎರಡೂ ಹತ್ತಿಪ್ಪತ್ತು ಶೇಕಡಾಕ್ಕೆ ಏರುತ್ತವೆ. ನಿಮ್ಮ ಲೆಕ್ಕ ಮಾಡೋಣ. 87 ಡೆಸಿಬೆಲ್‌ನ ಎರಡು ಸ್ಪೀಕರ್‌ಗಳು ಆ ಗಾತ್ರದ ಹಾಲ್‌ನಲ್ಲಿ ಮೂರು ಮೀಟರ್ ದೂರಕ್ಕೆ, ಒಂದೊಂದಕ್ಕೆ 1 ವಾಟ್ ಕೊಟ್ಟರೆ, ಸುಮಾರು 84 ಡೆಸಿಬೆಲ್ ಕೊಡುತ್ತವೆ. ನೀವು ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳಿದರೆ ಮೃದಂಗದ ಪೆಟ್ಟು ಅದಕ್ಕಿಂತ 18 ಡೆಸಿಬೆಲ್ ಮೇಲೆ ಹಾರಬಹುದು, ಅಂದರೆ 98. 84ರಿಂದ 98ಕ್ಕೆ 14 ಡೆಸಿಬೆಲ್, ಎಂದರೆ 25 ವಾಟ್. 40 ವಾಟ್ ಸಾಕು. ಆದರೆ ಬಾಸ್ ನಾಬ್ ಎಷ್ಟರಲ್ಲಿದೆ? 6 ಡೆಸಿಬೆಲ್ ಏರಿಸಿದ್ದರೆ ತೊಪ್ಪಿಯ (ಮೃದಂಗದ ಎಡಮುಖದ) ಕಡೆಯ ಆ ಗುಂಕಾರಕ್ಕೆ ಬೇಕಾದ ಪವರ್ ನಾಲ್ಕು ಪಟ್ಟು, 100 ವಾಟ್. ಆಗ ಕ್ಲಿಪ್ ಆಗುವುದು ತೊಪ್ಪಿ, ಅದೇ ಕ್ಷಣದಲ್ಲಿ ನುಡಿಯುತ್ತಿರುವ ಪಿಟೀಲಿನ ಅಲೆಯ ತುಂಡೂ ಕತ್ತರಿಸಿಹೋಗುತ್ತದೆ. ಚುಚ್ಚಿದ್ದು ಪಿಟೀಲು, ಕಾರಣ ಬಾಸ್ ನಾಬ್. ಮನೆಗಳಲ್ಲಿ ಕ್ಲಿಪ್ಪಿಂಗ್ ತರುವುದರಲ್ಲಿ ಬಾಸ್ ನಾಬ್ ಮತ್ತು ಲೌಡ್‌ನೆಸ್ ಬಟನ್‌ಗಳದ್ದೇ ಮೇಲುಗೈ.

ಅಂದಾಜು ಬೇಡ, ಅಳೆದೇ ನೋಡಬಹುದು. 220 ಹರ್ಟ್ಸ್‌ನ ಸೈನ್ ಟೋನ್ ಒಂದನ್ನು, ಪೂರ್ಣ ಡಿಜಿಟಲ್ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗೆ, ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಳ್ಳಿ. ನಿಮ್ಮ ಅತಿ ಜೋರಿನ ಹಾಡನ್ನು ನೀವು ಎಂದಾದರೂ ಇಡುವ ಗರಿಷ್ಠ ವಾಲ್ಯೂಮ್‌ಗೆ ಇಟ್ಟು ನಿಲ್ಲಿಸಿ. ವಾಲ್ಯೂಮ್ ಮುಟ್ಟದೆ ಈ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟೇಜ್ ನೋಡಿ. ಬಂದದ್ದನ್ನು 4ರಿಂದ ಗುಣಿಸಿ. ಅದು ಪೂರ್ಣ ಮಟ್ಟದ ಟೋನ್‌ಗೆ ಆಂಪ್ ಕೊಡಬೇಕಾದ ವೋಲ್ಟೇಜ್. 8 ಓಮ್‌ಗೆ 40 ವಾಟ್ ಎಂದರೆ 17.9 ವೋಲ್ಟ್. ಮೀಟರ್ 2.1 ತೋರಿಸಿದರೆ ನಿಮಗೆ ಬೇಕಿರುವುದು 8.4 ವೋಲ್ಟ್, 9 ವಾಟ್ ಕೂಡ ಅಲ್ಲ. ಹೊಸ ಆಂಪ್‌ನ ಯೋಚನೆಯೇ ಬೇಡ. 5 ತೋರಿಸಿದರೆ 20 ವೋಲ್ಟ್, ಮಿತಿ ದಾಟಿದ್ದೀರಿ. ಟೋನ್ ನಾಬ್‌ಗಳು ನಡುವಿನಲ್ಲಿರಲಿ, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಟೋನ್ ಕೆಲವು ಸೆಕೆಂಡ್ ಮಾತ್ರ ಸಾಕು.

ಎರಡನೇ ಅನುಮಾನ ಫೋನ್ ಮೇಲೆ. ಇತ್ತೀಚಿನ ಬಹುತೇಕ ಹಾಡುಗಳನ್ನು ಡಿಜಿಟಲ್ ಮಟ್ಟದ ಚಾವಣಿಗೆ ತಾಗುವಂತೆ ತುಂಬಿಟ್ಟಿರುತ್ತಾರೆ. ಹಳೆಯ ಹಾಡುಗಳ ರೀಮಾಸ್ಟರ್‌ಗಳೂ ಹಾಗೇ. ಫೋನ್‌ನ ಈಕ್ವಲೈಜರ್‌ನಲ್ಲಿ 5-6 ಡೆಸಿಬೆಲ್ ಏರಿಸಿದರೆ ಮೇಲೆ ಜಾಗವೇ ಇಲ್ಲ, ಸಿಗ್ನಲ್ ಫೋನ್ ಒಳಗೇ ಕ್ಲಿಪ್ ಆಗುತ್ತದೆ. ಆಂಪ್ ಎಷ್ಟೇ ಒಳ್ಳೆಯದಿದ್ದರೂ ಕತ್ತರಿಸಿದ ಅಲೆಯನ್ನೇ ನಿಷ್ಠೆಯಿಂದ ದೊಡ್ಡದು ಮಾಡುತ್ತದೆ. ಈಕ್ವಲೈಜರ್, ಸೌಂಡ್ ಎನ್‌ಹಾನ್ಸರ್, ಸರೌಂಡ್ ಎಲ್ಲ ಆಫ್ ಮಾಡಿ. ಆ್ಯಪ್‌ನಲ್ಲಿ ಎಲ್ಲ ಹಾಡುಗಳನ್ನೂ ಒಂದೇ ಮಟ್ಟಕ್ಕೆ ತರುವ ಆಯ್ಕೆಯಿದ್ದರೆ ‘ಜೋರು’ ಬದಲು ‘ಸಾಮಾನ್ಯ’ ಇಡಿ. ಈಕ್ವಲೈಜರ್ ಬೇಕೇ ಬೇಕೆಂದರೆ ಅದರ ಪ್ರೀಆಂಪ್ ಸ್ಲೈಡರನ್ನು ನೀವು ಏರಿಸಿದಷ್ಟೇ ಕೆಳಗೆ ಇಳಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮೊದಲು ಮಾಡಬೇಕಾದದ್ದೂ ಇದೇ.

ಮೂರನೆಯದು ಹಾಲ್. ಗ್ರಾನೈಟ್ ಅಥವಾ ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಗಾಜಿನ ಕಿಟಕಿ ಇರುವ ನಮ್ಮ ಮನೆಗಳಲ್ಲಿ 2ರಿಂದ 5 ಕಿಲೋಹರ್ಟ್ಸ್‌ವರೆಗಿನ ಸದ್ದು ಹೊಡೆದು ಹೊಡೆದು ವಾಪಸ್ ಬರುತ್ತದೆ, ಕಿವಿ ಅತಿ ಸೂಕ್ಷ್ಮವಾಗಿರುವುದೂ ಅಲ್ಲೇ. ಇದನ್ನು ಡಿಸ್ಟಾರ್ಷನ್ ಎಂದೇ ಬಹಳ ಜನ ಅಂದುಕೊಳ್ಳುತ್ತಾರೆ. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಝಣ್ ಎಂದು ಬಾಲ ಎಳೆದರೆ ಸ್ಪೀಕರ್ ಮತ್ತು ಕುರ್ಚಿಯ ನಡುವೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ. ಟ್ವೀಟರ್ ನೇರ ಕಿವಿಗೆ ನೋಡುತ್ತಿದ್ದರೆ ಸ್ಪೀಕರ್‌ಗಳನ್ನು 10-15 ಡಿಗ್ರಿ ಹೊರಕ್ಕೆ ತಿರುಗಿಸಿ ಕೇಳಿ.

ವಾಲ್ವ್ ಆಂಪ್ ಬಗ್ಗೆ ನಿಮ್ಮ ಇನ್ನೊಬ್ಬ ಗೆಳೆಯರ ಮಾತು ಪೂರ್ತಿ ತಪ್ಪಲ್ಲ, ಅವರು ಕೊಟ್ಟ ಕಾರಣ ಮಾತ್ರ ಅರ್ಧ ಸರಿ. 300ಬಿ ಥರದ ವಾಲ್ವ್‌ನ ಸಿಂಗಲ್-ಎಂಡೆಡ್ (ಇಡೀ ಅಲೆಯನ್ನು ಒಂದೇ ವಾಲ್ವ್ ಹೊರುವ) ಆಂಪ್ 8 ವಾಟ್ ಆಸುಪಾಸು ಕೊಡುತ್ತದೆ. ಅದರ ಡಿಸ್ಟಾರ್ಷನ್‌ನಲ್ಲಿ ಎರಡನೇ ಹಾರ್ಮೋನಿಕ್ಕೇ ದೊಡ್ಡದು, ಸಣ್ಣ ಸದ್ದಿನಲ್ಲಿ ತೀರ ಕಡಿಮೆ, ಏರಿದಂತೆ ಮೆಲ್ಲಗೆ ಏರುತ್ತದೆ. ಕಿವಿ ಇದನ್ನು ಸಹಿಸುತ್ತದೆ, ಕೆಲವರಿಗೆ ಇಷ್ಟವೂ ಆಗುತ್ತದೆ. ಆದರೆ ಇಂಪಿನ ದೊಡ್ಡ ಪಾಲು ಬರುವುದು ಅದರ ಔಟ್‌ಪುಟ್ ಇಂಪೀಡೆನ್ಸ್‌ನಿಂದ, ಅಂದರೆ ಆಂಪ್‌ನೊಳಗಿನ ತಡೆಯಿಂದ. ಫೀಡ್‌ಬ್ಯಾಕ್ ಇಲ್ಲದ ಅಂಥ ಆಂಪ್‌ನದು 2.5 ಓಮ್ ಎಂದುಕೊಳ್ಳಿ. ನಿಮ್ಮ ಸ್ಪೀಕರ್‌ನ ಇಂಪೀಡೆನ್ಸ್ ಒಂದು ಕಡೆ 5 ಓಮ್, ಸದ್ದು ವೂಫರ್‌ನಿಂದ ಟ್ವೀಟರ್‌ಗೆ ಕೈಬದಲಾಗುವ ಕ್ರಾಸ್‌ಓವರ್ ಜಾಗದಲ್ಲಿ 30 ಓಮ್ ಇದ್ದರೆ ಮೊದಲ ಕಡೆ 3.5 ಡೆಸಿಬೆಲ್, ಎರಡನೇ ಕಡೆ 0.7 ಡೆಸಿಬೆಲ್ ನಷ್ಟ. ಹೆಚ್ಚುಕಡಿಮೆ 2.8 ಡೆಸಿಬೆಲ್‌ನ ಈಕ್ವಲೈಜರ್ ತಾನಾಗಿ ಬಂದಂತಾಯಿತು. ಇದು ಸಲೀಸಾಗಿ ಕೇಳುತ್ತದೆ, ಒಂದು ಸ್ಪೀಕರ್‌ಗೆ ಹಿತ, ಇನ್ನೊಂದಕ್ಕೆ ಅಹಿತ. 1985ರಲ್ಲಿ ಅಮೆರಿಕದ ಆಂಪ್ ತಯಾರಕ ಬಾಬ್ ಕಾರ್ವರ್ ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪನ್ನು ಒಂದು ದುಬಾರಿ ಆಂಪ್‌ನ ಔಟ್‌ಪುಟ್‌ಗೆ ಹೊಂದುವಂತೆ ತಿದ್ದಿ, ಸ್ಟೀರಿಯೋಫೈಲ್ ಪತ್ರಿಕೆಯ ಸಂಪಾದಕರು ಎರಡರ ವ್ಯತ್ಯಾಸ ಹೇಳಲಾರದಂತೆ ಮಾಡಿದ್ದು ಪ್ರಸಿದ್ಧ. ನಿಮ್ಮ 87 ಡೆಸಿಬೆಲ್ ಸ್ಪೀಕರ್‌ಗೆ 8 ವಾಟ್ ಸಾಲದು. ಮೃದಂಗ ಬಂದಲ್ಲೆಲ್ಲ ಕ್ಲಿಪ್ ಆಗುತ್ತದೆ. ವಾಲ್ವ್ ಬೇಕೆನಿಸಿದರೆ ಮೊದಲು 92-93 ಡೆಸಿಬೆಲ್ ಮೇಲಿನ ಸ್ಪೀಕರ್ ಹುಡುಕಬೇಕು.

ಕ್ಲಾಸ್-ಡಿ ಕೊಳ್ಳುವುದೇ ಆದರೆ ಶೇಕಡಾಕ್ಕಿಂತ ವೋಲ್ಟೇಜ್ ನೋಡಿ. ಟಿಪಿಎ3116 ಐಸಿಯ ಬೋರ್ಡ್‌ಗಳ ಮೇಲೆ 50+50 ವಾಟ್ ಎಂದಿರುತ್ತದೆ. ಅದು 21 ವೋಲ್ಟ್ ಸಪ್ಲೈ, 4 ಓಮ್ ಸ್ಪೀಕರ್, 10% ಡಿಸ್ಟಾರ್ಷನ್ ಎಂಬ ಮೂರು ಷರತ್ತಿನ ಅಂಕಿ, ಅಂದರೆ ಆಗಲೇ ಚೆನ್ನಾಗಿ ಕ್ಲಿಪ್ ಆದ ಮೇಲಿನದು. ಅದೇ ಬೋರ್ಡ್ 12 ವೋಲ್ಟ್ ಅಡಾಪ್ಟರ್‌ನಲ್ಲಿ 8 ಓಮ್‌ಗೆ 7-8 ವಾಟ್ ಶುದ್ಧವಾಗಿ ಕೊಟ್ಟರೆ ಹೆಚ್ಚು. 19 ವೋಲ್ಟ್, 65 ವಾಟ್‌ನ ಲ್ಯಾಪ್‌ಟಾಪ್ ಅಡಾಪ್ಟರ್‌ನಲ್ಲಿ 20 ವಾಟ್, 24 ವೋಲ್ಟ್‌ನಲ್ಲಿ 30 ವಾಟ್. ನಿಮ್ಮ ಈಗಿನ 40 ವಾಟ್ ಇವೆಲ್ಲಕ್ಕಿಂತ ಮೇಲು. ಇಂಥ ಬೋರ್ಡ್‌ನ ಸ್ಪೀಕರ್ ಮೈನಸ್ ಗ್ರೌಂಡ್ ಅಲ್ಲ ಎಂಬುದೂ ನೆನಪಿರಲಿ; ಆಸಿಲೋಸ್ಕೋಪ್‌ನ ಗ್ರೌಂಡ್ ಕ್ಲಿಪ್ ಅಲ್ಲಿಗೆ ತಗುಲಿಸಿದರೆ ಐಸಿ ಹೋಗುತ್ತದೆ. ಇನ್ನು ಪಿಎಂಪಿಒ ವಾಟ್ (ಕ್ಷಣಮಾತ್ರದ, ಉಬ್ಬಿಸಿದ ಅಂಕಿ) ಎಂದು ಬರೆದ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಹಿಂಬದಿಯ ತಗಡಿನಲ್ಲಿ ಮೇನ್ಸ್‌ನಿಂದ 40 ವಾಟ್ ಎಳೆಯುತ್ತದೆ ಎಂದಿದ್ದರೆ ಸ್ಪೀಕರ್‌ಗೆ ಅದಕ್ಕಿಂತ ಹೆಚ್ಚು ನಿರಂತರವಾಗಿ ಬರುವುದು ಹೇಗೆ?

ಗೆಳೆಯರ ಆಂಪ್ ತಂದು ಹೋಲಿಸುವ ಅವಕಾಶವಿದ್ದರೆ ಬಿಡಬೇಡಿ, ಆದರೆ ಎರಡರ ಸದ್ದನ್ನು ಮೀಟರ್‌ನಿಂದ ಸಮ ಮಾಡಿ. ಅದೇ 220 ಹರ್ಟ್ಸ್ ಟೋನ್ ಹಾಕಿ, ಒಂದರಲ್ಲಿ 2.00 ವೋಲ್ಟ್ ಬಂದರೆ ಇನ್ನೊಂದರಲ್ಲೂ 1.98ರಿಂದ 2.02ರೊಳಗೆ ಇರಲಿ. ಅರ್ಧ ಡೆಸಿಬೆಲ್ ಜೋರಿದ್ದದ್ದು ಜೋರು ಎನಿಸುವುದಿಲ್ಲ, ‘ಇನ್ನೂ ಸ್ಪಷ್ಟ’ ಎನಿಸುತ್ತದೆ. ಯಾವುದು ನುಡಿಯುತ್ತಿದೆ ಎಂದು ನಿಮಗೆ ಕಾಣದಂತೆ ಮನೆಯವರೊಬ್ಬರು ಬದಲಿಸಲಿ. ಕನಿಷ್ಠ ಹತ್ತು ಸುತ್ತು ಮಾಡಿ, ಪ್ರತಿ ಸುತ್ತಿನ ಉತ್ತರ ಬರೆದಿಡಿ. ಒಂಬತ್ತು ಸರಿಯಾದರೆ ವ್ಯತ್ಯಾಸ ನಿಜ, ಐದಾರು ಸರಿಯಾದರೆ ಅದು ಬರೀ ಊಹೆ. ಪರೀಕ್ಷೆಗೆ ಗಾಯನ, ಪಿಟೀಲು, ತಾಳವಾದ್ಯ ಮೂರೂ ಇರುವ ರೆಕಾರ್ಡಿಂಗ್ ಆರಿಸಿ, ಒಮ್ಮೆ ರಾತ್ರಿಯ ಸಣ್ಣ ಸದ್ದಿನಲ್ಲಿ, ಒಮ್ಮೆ ಹಗಲಿನ ಜೋರಿನಲ್ಲಿ. ನಿಮ್ಮ ಎಡ ಚಾನೆಲ್‌ನ ರಿಲೇ ಅಥವಾ ಬಯಾಸ್ ಸರಿಪಡಿಸಿದ ಮೇಲೆಯೇ ಇದನ್ನು ಮಾಡಿ. ಕೆಟ್ಟ ಸ್ಥಿತಿಯ ಹಳೆಯ ಆಂಪ್ ಎದುರು ಯಾವ ಹೊಸದೂ ಗೆಲ್ಲುತ್ತದೆ, ರಿಲೇ ಬದಲಿಸಿದ್ದರೆ ಸಾಕಿತ್ತು ಎಂದು ಗೊತ್ತಾಗುವ ಹೊತ್ತಿಗೆ ಹಣ ಖರ್ಚಾಗಿರುತ್ತದೆ.